ಗೂಡಿನ ವಿಳಾಸ ಬರೆಯಬೇಡಿ: ಕಾಡು ಬೆಟ್ಟ ಸುತ್ತಿ ಬರೆಯುವವರಿಗೆ, ಕ್ಯಾಮೆರಾ ಹಿಡಿಯುವವರಿಗೆ

ಕ್ಯಾಮೆರಾ ಕೊಂಡ ಹೊಸದು. ನಮ್ಮ ತೋಟದ ಬೇಲಿಯಲ್ಲಿ ಒಂದು ಪಿಕಳಾರ ಗೂಡು ಕಟ್ಟಿ ಮರಿ ಮಾಡಿತ್ತು. ಎದುರಿಗೆ ಒಂದು ರೆಂಬೆ ಅಡ್ಡ ಬರುತ್ತಿತ್ತು. ಮುರಿಯಲು ಮನಸ್ಸಾಗಲಿಲ್ಲ. ಬಗ್ಗಿಸಿ ದಾರದಿಂದ ಕಟ್ಟಿದೆ. ಫೋಟೊ ಚೆನ್ನಾಗಿಯೇ ಬಂತು. ಆ ಖುಷಿಯಲ್ಲಿ ದಾರ ಬಿಚ್ಚುವುದನ್ನು ಮರೆತು ಮನೆಗೆ ಬಂದೆ. ಮಾರನೆಯ ದಿನ ಹೋಗಿ ನೋಡಿದರೆ ಗೂಡು ಖಾಲಿ. ಪಕ್ಕದ ಮರದಲ್ಲಿ ಒಂದು ಕೆಂಬೂತ ಕೂತಿತ್ತು. ಅದೇ ತಿಂದಿತು ಎಂದು ಆಣೆ ಮಾಡಿ ಹೇಳಲಾರೆ. ಆದರೆ ಆ ರೆಂಬೆ ಅಲ್ಲಿ ಯಾಕಿತ್ತು ಎನ್ನುವುದು ಅವತ್ತು ಅರ್ಥವಾಯಿತು.

ಹೊರಗೆ ಸುತ್ತಿ ಬರೆಯುವವರಿಗೂ ಫೋಟೊ ತೆಗೆಯುವವರಿಗೂ ಒಂದು ವಿಶೇಷ ಇದೆ. ಸುಮ್ನೆ ನೋಡಿ ಬರುವವರ ತಪ್ಪು ಅಲ್ಲಿಗೇ ಮುಗಿಯುತ್ತದೆ. ನಮ್ಮದು ಅಚ್ಚಾಗುತ್ತದೆ. ಅದನ್ನು ನೋಡಿ ಇನ್ನಷ್ಟು ಜನ ಹೊರಡುತ್ತಾರೆ. ಹಾಗಾಗಿ ನಾನು ಪ್ರತಿ ಹೆಜ್ಜೆಯಲ್ಲೂ ಒಂದೇ ಪ್ರಶ್ನೆ ಕೇಳಿಕೊಳ್ಳುತ್ತೇನೆ: ಈಗ ನಾನು ಮಾಡುತ್ತಿರುವುದನ್ನೇ ನಾಳೆ ನೂರು ಜನ ಇಲ್ಲಿ ಬಂದು ಮಾಡಿದರೆ ಏನು ಉಳಿಯುತ್ತದೆ? ಕೆಳಗಿರುವುದೆಲ್ಲ ಈ ಪ್ರಶ್ನೆಯನ್ನು ಹಿಡಿದುಕೊಂಡು ಬರೆದದ್ದು.

1. ಹೊರಡುವ ಮುಂಚೆ: ಅನುಮತಿ

ಅಭಯಾರಣ್ಯ ಅಥವಾ ರಾಷ್ಟ್ರೀಯ ಉದ್ಯಾನದೊಳಗೆ ಫೋಟೊಗ್ರಫಿಗೆಂದು ಹೋಗಲು ಅನುಮತಿ ಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 28ನೇ ಸೆಕ್ಷನ್ ಇದನ್ನು ಹೇಳುತ್ತದೆ. ಸಫಾರಿ ಟಿಕೆಟ್ ಜೊತೆ ಕ್ಯಾಮೆರಾ ಶುಲ್ಕ ಕಟ್ಟಿದರೆ ಪ್ರವಾಸಿಯಾಗಿ ಫೋಟೊ ತೆಗೆಯಬಹುದು. ಡಾಕ್ಯುಮೆಂಟರಿ, ಜಾಹೀರಾತಿನ ಚಿತ್ರೀಕರಣಕ್ಕೆ ಅದು ಸಾಲದು. ಅರಣ್ಯ ಇಲಾಖೆಯಿಂದ ಬೇರೆ ಅನುಮತಿ ಪಡೆಯಬೇಕು. ಗೊತ್ತಿರುವ ಗಾರ್ಡ್ ಇದ್ದಾರೆ, ಒಳಗೆ ಬಿಡುತ್ತಾರೆ ಎನ್ನುವುದು ಅನುಮತಿ ಅಲ್ಲ. ಹೆಚ್ಚುಕಡಿಮೆ ಆದರೆ ಕೆಲಸಕ್ಕೆ ಕುತ್ತು ಬರುವುದು ಅವರಿಗೆ, ನಮಗಲ್ಲ.

ಚಾರಣದ ದಾರಿಗಳಿಗೂ ಈಗ ಲೆಕ್ಕ ಇದೆ. 2024ರ ಗಣರಾಜ್ಯೋತ್ಸವದ ರಜೆಯಲ್ಲಿ ಕುಮಾರ ಪರ್ವತದ ದಾರಿಯಲ್ಲಿ ಜಾತ್ರೆಯಂತೆ ಜನ ನಿಂತಿದ್ದ ವಿಡಿಯೊ ನಿಮಗೆ ನೆನಪಿರಬಹುದು. ಅದಾದ ಮೇಲೆ ಆನ್‌ಲೈನ್ ಬುಕಿಂಗ್ ಇಲ್ಲದ ಕಡೆ ಚಾರಣ ನಿಲ್ಲಿಸಿದರು. ಅದೇ ವರ್ಷ ಅಕ್ಟೋಬರ್‌ನಲ್ಲಿ ‘ಅರಣ್ಯ ವಿಹಾರ’ ಎಂಬ ಬುಕಿಂಗ್ ತಾಣ ಬಂತು. ಒಂದು ದಾರಿಗೆ ದಿನಕ್ಕೆ 300 ಜನ ಎಂಬ ಮಿತಿಯೂ ಬಂತು. ಆ ಜನರಲ್ಲಿ ಎಷ್ಟೋ ಮಂದಿ ಹೊರಟದ್ದು ನಮ್ಮಂಥವರ ರೀಲ್ಸ್, ಲೇಖನ ನೋಡಿಯೇ ಅಲ್ವಾ?

ಡ್ರೋನ್ ವಿಷಯ ಚಿಕ್ಕದಾಗಿ. 250 ಗ್ರಾಂವರೆಗಿನ ನ್ಯಾನೊ ಡ್ರೋನ್‌ಗೆ ಪೈಲಟ್ ಲೈಸೆನ್ಸ್ ಬೇಡ. ಹಾಗಂತ ಅದನ್ನು ಕಾಡಿನ ಮೇಲೆ ಹಾರಿಸಬಹುದು ಎಂದಲ್ಲ. ರಾಮನಗರದ ರಾಮದೇವರ ಬೆಟ್ಟ 2012ರಿಂದ ರಣಹದ್ದು ಅಭಯಾರಣ್ಯ. ಆ ಬಂಡೆಯ ಅಂಚಿನಲ್ಲಿ ಮೊಟ್ಟೆಗೆ ಕಾವು ಕೊಡುವ ಹಕ್ಕಿಗೆ, ಕಿವಿಯ ಹತ್ತಿರ ಗುಂಯ್ ಎನ್ನುವ ಯಂತ್ರ ಏನೆನ್ನಿಸಬಹುದು?

2. ಸ್ಥಳದಲ್ಲಿ: ಗೂಡು, ಕೂಗು, ಆಮಿಷ

ಮೊದಲು ಗೂಡು. ನನ್ನ ಸಲಹೆ ಒರಟಾಗಿದೆ: ಗೂಡಿನ ಫೋಟೊ ತೆಗೆಯಬೇಡಿ. ಲೆನ್ಸ್ ಎಷ್ಟೇ ಉದ್ದ ಇರಲಿ, ಹೈಡ್ (ಒಳಗೆ ಅವಿತು ಕೂತು ಚಿತ್ರ ತೆಗೆಯುವ ಮರೆ) ಎಷ್ಟೇ ಚೆನ್ನಾಗಿರಲಿ. ಹಿಂದಿನ ತಲೆಮಾರಿನ ದೊಡ್ಡ ಛಾಯಾಗ್ರಾಹಕರು ಗೂಡಿನ ಎದುರು ಮರೆ ಕಟ್ಟಿಕೊಂಡು ದಿನಗಟ್ಟಲೆ ಕೂತು ಚಿತ್ರ ತೆಗೆದದ್ದು ನಿಜ. ಆಗ ಲೆನ್ಸ್ ಗಿಡ್ಡ. ಹಕ್ಕಿ ಒಂದೇ ಜಾಗಕ್ಕೆ ಮತ್ತೆ ಮತ್ತೆ ಬರುವುದು ಹೆಚ್ಚಾಗಿ ಗೂಡಿಗೆ. ಇಡೀ ಜಿಲ್ಲೆಯಲ್ಲಿ ಕ್ಯಾಮೆರಾ ಇದ್ದವರೇ ನಾಲ್ಕೈದು ಮಂದಿ. ಈಗ ಆ ಮಾತು ನಡೆಯುವುದಿಲ್ಲ.

ದಾಂಡೇಲಿ ಕಡೆಯ ದೊಡ್ಡ ಮಂಗಟ್ಟೆ ಹಕ್ಕಿಯನ್ನೇ ತೆಗೆದುಕೊಳ್ಳಿ. ಹೆಣ್ಣು ಮರದ ಪೊಟರೆಯೊಳಗೆ ಹೋಗಿ ಪೊಟರೆಯ ಬಾಯಿಯನ್ನು ಮುಚ್ಚಿಕೊಳ್ಳುತ್ತದೆ. ಕೊಕ್ಕು ತೂರುವಷ್ಟು ಸೀಳು ಮಾತ್ರ ಉಳಿಯುತ್ತದೆ. ವಾರಗಟ್ಟಲೆ ಅದರ ಹೊಟ್ಟೆ, ಆಮೇಲೆ ಮರಿಯ ಹೊಟ್ಟೆ ಎರಡೂ ಗಂಡು ತರುವ ಹಣ್ಣಿನ ಮೇಲೆ. ಕೆಳಗೆ ಹತ್ತು ಜನ ಟ್ರೈಪಾಡ್ ಇಟ್ಟು ನಿಂತರೆ ಗಂಡು ದೂರದ ಮರದಲ್ಲೇ ಕೂರುತ್ತದೆ. ಗಂಟಲಲ್ಲಿ ಹಣ್ಣು ಇಟ್ಟುಕೊಂಡು ಕಾಯುತ್ತದೆ. ನಮಗೆ ಅದು ‘ಇನ್ನೂ ಬಂದಿಲ್ಲ, ಸ್ವಲ್ಪ ಕಾಯೋಣ’. ಒಳಗಿರುವವರಿಗೆ ಹಸಿವು.

ಒಂದು ವಿನಾಯಿತಿ ಹೇಳುತ್ತೇನೆ. ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರಿನಲ್ಲಿ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಊರ ನಡುವಿನ ಮರಗಳಲ್ಲೇ ಗೂಡು ಕಟ್ಟುತ್ತವೆ. ಕೆಳಗೆ ಎಮ್ಮೆ, ಮಕ್ಕಳು, ಟ್ರ್ಯಾಕ್ಟರು ಎಲ್ಲ ಓಡಾಡುತ್ತಿರುತ್ತವೆ. ಆ ಹಕ್ಕಿಗಳಿಗೆ ನಿಮ್ಮ ಕ್ಯಾಮೆರಾ ಹೊಸದೇನಲ್ಲ. ರಂಗನತಿಟ್ಟಿನಲ್ಲಿ ದೋಣಿಯಿಂದ ಕಾಣುವ ಗೂಡುಗಳೂ ಹಾಗೆಯೇ. ಆದರೆ ಇದನ್ನು ನೆಪ ಮಾಡಿಕೊಂಡು ಪೊದೆಯೊಳಗಿನ ಗೂಡಿಗೆ ಕೈ ಹಾಕಬೇಡಿ.

ಇನ್ನು ಕೂಗು. ಫೋನಿನಲ್ಲಿ ಹಕ್ಕಿಯ ದನಿ ಹಾಕಿ ಕರೆಯುವುದು ಬಹಳ ಸುಲಭ. ಹಕ್ಕಿ ಬರುವುದು ನಿಮ್ಮನ್ನು ನೋಡಲು ಅಲ್ಲ. ಯಾವನೋ ನನ್ನ ಜಾಗಕ್ಕೆ ನುಗ್ಗಿದ್ದಾನೆ ಎಂದು ಜಗಳಕ್ಕೆ ಬರುತ್ತದೆ. ಮರಿಗೆ ಹುಳ ಹಿಡಿಯುವ ಹೊತ್ತಿನಲ್ಲಿ ಇಲ್ಲದ ಶತ್ರುವನ್ನು ಹುಡುಕುತ್ತದೆ. ಒಂದು ಸಲ ಹಾಕಿದರೆ ಏನಾಗುತ್ತದೆ ಎಂದು ಕೇಳುವವರಿಗೆ ನನ್ನ ನೂರು ಜನರ ಪ್ರಶ್ನೆಯೇ ಉತ್ತರ. ಹೆಸರಾದ ಜಾಗಗಳಲ್ಲಿ ನೀವೇ ಮೊದಲಿಗರಲ್ಲ, ಇವತ್ತಿಗೆ ಏಳನೆಯವರೋ ಎಂಟನೆಯವರೋ ಆಗಿರುತ್ತೀರಿ.

ಆಮಿಷದ ಬಗ್ಗೆ ಕಾನೂನು ನಾವು ಅಂದುಕೊಂಡಿದ್ದಕ್ಕಿಂತ ಬಿಗಿಯಾಗಿದೆ. ವನ್ಯಜೀವಿ ಕಾಯ್ದೆಯಲ್ಲಿ ‘ಬೇಟೆ’ ಎಂದರೆ ಕೊಲ್ಲುವುದು ಮಾತ್ರ ಅಲ್ಲ. ಹಿಡಿಯುವುದು, ಅಟ್ಟುವುದು, ಆಮಿಷ ಒಡ್ಡುವುದು, ಕಾಡುಹಕ್ಕಿಗಳ ಮತ್ತು ಸರೀಸೃಪಗಳ ಮೊಟ್ಟೆ, ಗೂಡಿಗೆ ತೊಂದರೆ ಕೊಡುವುದು ಎಲ್ಲವೂ ಆ ಪದದೊಳಗೆ ಬರುತ್ತದೆ. ಗೂಬೆಗೆ ಇಲಿ ಬಿಟ್ಟು ಹಾರುವ ಚಿತ್ರ ತೆಗೆಯುವವರು ಈ ಸಾಲನ್ನು ಒಮ್ಮೆ ಓದಿಕೊಳ್ಳಲಿ.

ನಡುವಿನ ಸಂಗತಿಗಳೂ ಇವೆ. ದಾಂಡೇಲಿ ಕಡೆಯ ಗಣೇಶಗುಡಿ ಎಂಬ ಊರಿನಲ್ಲಿ ಹಕ್ಕಿಗಳಿಗೆ ನೀರಿನ ತೊಟ್ಟಿ ಇಟ್ಟಿದ್ದಾರೆ. ದೂರ ಕೂತು, ಮಿಂದು ಹೋಗುವ ಹಕ್ಕಿಯ ಚಿತ್ರ ತೆಗೆಯುವುದರಲ್ಲಿ ನನಗೆ ತಪ್ಪು ಕಾಣುವುದಿಲ್ಲ. ಹಂಪಿ ಹತ್ತಿರದ ದರೋಜಿ ಕರಡಿಧಾಮದಲ್ಲಿ ಬಂಡೆಗೆ ಬೆಲ್ಲ, ಜೇನಿನ ಪಾಕ ಬಳಿದು ಕರಡಿಗಳನ್ನು ವೀಕ್ಷಣಾ ಗೋಪುರದ ಎದುರಿಗೆ ಬರಿಸುವ ರೂಢಿ ಇದೆ. ಅದು ಇಲಾಖೆಯವರದೇ ಏರ್ಪಾಡು. ಅಲ್ಲಿ ತೆಗೆದ ಫೋಟೊ ಪ್ರಕಟಿಸಿ, ಬೇಡ ಅನ್ನುವುದಿಲ್ಲ. ಆದರೆ ಚಿತ್ರದ ಅಡಿಬರಹದಲ್ಲಿ ಆ ಬೆಲ್ಲದ ಮಾತೂ ಇರಲಿ. ‘ಬಂಡೆಯ ಮೇಲೆ ಬಿಸಿಲು ಕಾಯುತ್ತಿರುವ ಕರಡಿ’ ಎಂದು ಬರೆದರೆ ಅದು ಸುಳ್ಳು.

ಮಳೆಗಾಲದ ಕಪ್ಪೆ, ಹಾವುಗಳ ಫೋಟೊಗ್ರಫಿ ಈಗ ದೊಡ್ಡ ಹುಚ್ಚು. ಆಗುಂಬೆ, ಸಕಲೇಶಪುರ, ಕೊಡಗಿನ ಕಡೆ ರಾತ್ರಿ ಟಾರ್ಚ್ ಹಿಡಿದ ಗುಂಪುಗಳು. ಇಲ್ಲಿ ಅಪಾಯ ಎಂದರೆ ಪ್ರಾಣಿ ಚಿಕ್ಕದು, ಕೈಗೆ ಸಿಗುತ್ತದೆ. ಎತ್ತಿ ಪಾಚಿ ಹತ್ತಿದ ಕೊಂಬೆ ಮೇಲೆ ಇಡಬೇಕು ಅನ್ನಿಸುತ್ತದೆ. ಕಪ್ಪೆ ಚರ್ಮದಿಂದಲೂ ಉಸಿರಾಡುತ್ತದೆ. ನಮ್ಮ ಕೈಯ ಸೊಳ್ಳೆ ಮುಲಾಮು, ಬೆವರು ಎಲ್ಲ ಅದರ ಮೈಗೆ ಇಳಿಯುತ್ತದೆ. ಕೇರಳದ ಮತಿಕೆಟ್ಟಾನ್ ಶೋಲಾ ಕಾಡಿನಲ್ಲಿ ಸಂಶೋಧಕರೊಬ್ಬರು ಕೊಳೆತ ದಿಮ್ಮಿಯ ಕೆಳಗೆ ಅಪರೂಪದ ಗೆಲಾಕ್ಸಿ ಕಪ್ಪೆಗಳನ್ನು ಕಂಡಿದ್ದರು. ಆಮೇಲೆ ಹೋಗಿ ನೋಡಿದಾಗ ದಿಮ್ಮಿ ಜರುಗಿತ್ತು, ಸುತ್ತಲಿನ ಗಿಡ ತುಳಿದು ಹೋಗಿತ್ತು, ಕಪ್ಪೆಗಳಿರಲಿಲ್ಲ. ಫೋಟೊ ತೆಗೆಯುವವರು ಬಂದು ಹೋಗಿದ್ದರು.

ಹಾಗಾಗಿ ನಿಯಮ ಸರಳ: ಕಲ್ಲು, ದಿಮ್ಮಿ ಎತ್ತಬೇಡಿ. ಪ್ರಾಣಿಯನ್ನು ಮುಟ್ಟಬೇಡಿ. ಕೂತ ಜಾಗದಲ್ಲೇ ಒಂದೆರಡು ಚಿತ್ರ ತೆಗೆದು ಟಾರ್ಚ್ ಆರಿಸಿ. ಕಾಡುಪಾಪ, ಗೂಬೆಯಂಥ ಇರುಳ ಜೀವಿಗಳಿಗೆ ಕಣ್ಣಿಗೆ ನೇರ ಫ್ಲಾಷ್ ಬೇಡವೇ ಬೇಡ.

3. ಸಫಾರಿ ಮತ್ತು ರಸ್ತೆ

ಕಬಿನಿಯ ಕರಿಚಿರತೆ ಹೆಸರಾದ ಮೇಲೆ ಅದೊಂದೇ ಪ್ರಾಣಿಗಾಗಿ ದಿನಗಟ್ಟಲೆ ಸಫಾರಿಗೆ ಕೂರುವವರಿದ್ದಾರೆ. ಅದು ಬೇರೆ ಜಾತಿಯ ಪ್ರಾಣಿಯೇನಲ್ಲ, ಮೈಬಣ್ಣ ಕಪ್ಪಾದ ಚಿರತೆ ಅಷ್ಟೇ. ಆಸೆ ಜಾಸ್ತಿಯಾದಾಗ ಒತ್ತಡ ಬೀಳುವುದು ಡ್ರೈವರ್ ಮೇಲೆ. ‘ಇನ್ನೂ ಸ್ವಲ್ಪ ಮುಂದೆ ತಗೊಳ್ಳಿ, ನಿಮ್ಮನ್ನು ನೋಡ್ಕೋತೀನಿ’ ಎಂಬ ಮಾತು ಎಷ್ಟು ಸಲ ಕೇಳಿದ್ದೇನೋ. ಇದನ್ನು ತಿರುಗಿಸಿ. ಹೊರಡುವಾಗಲೇ ಹೇಳಿಬಿಡಿ: ‘ಅಣ್ಣ, ಹತ್ತಿರ ಹೋಗೋದು ಬೇಡ, ಪ್ರಾಣಿ ಎದ್ದು ಹೋಗದಿದ್ರೆ ಸಾಕು.’ ಟಿಪ್ ಕೊಡುವುದಿದ್ದರೆ ಹುಲಿ ಕಾಣದ ದಿನವೂ ಅಷ್ಟೇ ಕೊಡಿ. ನನ್ನ ಅನುಭವದಲ್ಲಿ ಇದು ಕೆಲಸ ಮಾಡುತ್ತದೆ. ಎಷ್ಟೋ ಡ್ರೈವರ್‌ಗಳ ಮುಖ ಆ ಮಾತಿಗೇ ಸಡಿಲವಾಗುತ್ತದೆ.

ಕಾಡಿನ ನಡುವಿನ ಹೆದ್ದಾರಿಯಲ್ಲಿ ಗಾಡಿ ನಿಲ್ಲಿಸಿ ಇಳಿಯುವುದಂತೂ ಹುಚ್ಚಾಟ. 2025ರ ಆಗಸ್ಟ್‌ನಲ್ಲಿ ಬಂಡೀಪುರದ ರಸ್ತೆಯಲ್ಲಿ ಆನೆಯ ಹತ್ತಿರ ಫೋಟೊಗೆಂದು ಹೋದವರೊಬ್ಬರನ್ನು ಆನೆ ಅಟ್ಟಿ ಬೀಳಿಸಿತು. ಜೀವ ಉಳಿಯಿತು. ಇಲಾಖೆ 25,000 ರೂಪಾಯಿ ದಂಡ ಹಾಕಿತು. ನೀವು ಪ್ರವಾಸ ಲೇಖನ ಬರೆಯುವವರಾದರೆ ‘ದಾರಿಯಲ್ಲೇ ಆನೆ ದರ್ಶನ’ ಎಂಬ ತಲೆಬರಹ ಕೊಡುವ ಮುಂಚೆ ಇದನ್ನು ನೆನಪಿಸಿಕೊಳ್ಳಿ.

4. ಜನರ ಬಳಿ

ಕಾಡಿನಲ್ಲಿ ಜನರೂ ಇದ್ದಾರೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು, ನಾಗರಹೊಳೆಯ ಜೇನು ಕುರುಬರು. ಅವರನ್ನು ಹಿನ್ನೆಲೆಯ ಗಿಡಮರದಂತೆ ತೋರಿಸುವ ಲೇಖನ ಈಗಲೂ ಬರುತ್ತವೆ. 2011ರಲ್ಲಿ ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ ಸಮುದಾಯ ಅರಣ್ಯ ಹಕ್ಕು ಸಿಕ್ಕಿದೆ. ನೀವು ನಿಂತಿರುವುದು ಅವರ ನೆಲದಲ್ಲಿ.

ಫೋಟೊ ತೆಗೆಯುವ ಮುಂಚೆ ಕೇಳಿ. ಕೇಳುವುದು ಎಂದರೆ ಕ್ಯಾಮೆರಾ ಎತ್ತಿ ನಗುವುದಲ್ಲ. ಒಮ್ಮೆ ಒಬ್ಬ ಅಜ್ಜಿಯನ್ನು ಕೇಳಿದೆ: ‘ಅಜ್ಜಿ, ಒಂದು ಫೋಟೊ ತೆಗೀಲಾ?’ ‘ತೆಗ್ದು ಏನ್ ಮಾಡ್ತೀಯಪ್ಪ?’ ಎಂದರು. ಪತ್ರಿಕೆಗೆ ಕಳಿಸುತ್ತೇನೆ ಎಂದೆ. ‘ಹೋದ್ಸಲ ಬಂದವನೂ ಹಂಗೇ ಅಂದ. ಪೇಪರ್ ತಂದು ಕೊಡ್ಲಿಲ್ಲ’ ಎಂದರು. ಅವತ್ತಿನಿಂದ ಪ್ರಿಂಟ್ ಹಾಕಿಸಿ ತಲುಪಿಸುವ ಖರ್ಚನ್ನೂ ಪ್ರವಾಸದ ಲೆಕ್ಕದಲ್ಲಿ ಸೇರಿಸುತ್ತೇನೆ. ಒಂದು ಪ್ರಿಂಟ್‌ಗೆ ಎಷ್ಟು ಮಹಾ ಖರ್ಚು?

ಅವರು ನಂಬಿ ತೋರಿಸಿದ ಜೇನಿನ ಮರ, ಔಷಧಿಯ ಬೇರು ಇವನ್ನು ಕೇಳದೆ ಬರೆಯಬೇಡಿ. ದಾರಿ ತೋರಿಸಿದ ವಾಚರ್, ಗೈಡ್ ಹೆಸರನ್ನು ಅವರು ಒಪ್ಪಿದರೆ ಲೇಖನದಲ್ಲಿ ಹಾಕಿ. ಕಪ್ಪೆಬಾಯಿ ಹಕ್ಕಿ ಒಣಗಿದ ಎಲೆಯ ಹಾಗೆ ಕೂತಿರುತ್ತದೆ. ಅದನ್ನು ಕಂಡು ಹಿಡಿದ ಕಣ್ಣು ಅವರದು. ‘ನನ್ನ ಕಣ್ಣಿಗೆ ಬಿತ್ತು’ ಎಂದು ಬರೆದುಕೊಳ್ಳುವುದಕ್ಕೆ ಸ್ವಲ್ಪ ನಾಚಿಕೆ ಬೇಕು.

5. ಮನೆಗೆ ಬಂದ ಮೇಲೆ: ಚಿತ್ರ ಎಷ್ಟು ನಿಜ?

ಬೆಳಕು ತಿದ್ದುವುದು, ಅಂಚು ಕತ್ತರಿಸುವುದು ಸರಿ. ಇಲ್ಲದ್ದನ್ನು ಸೇರಿಸುವುದು, ಇದ್ದದ್ದನ್ನು ಅಳಿಸುವುದು ಮಾಡಿದರೆ ಹೇಳಿ. ಎಐನಿಂದ ಮಾಡಿದ್ದಾದರೆ ಮೊದಲ ಸಾಲಿನಲ್ಲೇ ಹೇಳಿ. ರಾ ಫೈಲ್ (ಕ್ಯಾಮೆರಾದಿಂದ ಬಂದ, ತಿದ್ದದ ಮೂಲ ಫೈಲ್) ಉಳಿಸಿಕೊಳ್ಳಿ, ಸ್ಪರ್ಧೆಯವರು ಕೇಳುತ್ತಾರೆ.

ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ ನಡೆಸುವ ವರ್ಷದ ವನ್ಯಜೀವಿ ಛಾಯಾಗ್ರಾಹಕ ಸ್ಪರ್ಧೆಯಲ್ಲಿ 2009ರಲ್ಲಿ ಗೆದ್ದದ್ದು ಬೇಲಿ ಜಿಗಿಯುತ್ತಿರುವ ತೋಳದ ಚಿತ್ರ. ಅದು ಸಾಕಿ ಪಳಗಿಸಿದ ತೋಳ ಇರಬೇಕು ಎಂದು ತೀರ್ಪುಗಾರರಿಗೆ ಅನ್ನಿಸಿ ಪ್ರಶಸ್ತಿ ವಾಪಸ್ ಹೋಯಿತು. 2018ರಲ್ಲಿ ಇನ್ನೊಂದು. ಗೆದ್ದ ಚಿತ್ರದಲ್ಲಿದ್ದ ಇರುವೆಭಕ್ಷಕ ಜೀವಂತ ಪ್ರಾಣಿಯಲ್ಲ, ಸತ್ತ ಪ್ರಾಣಿಯ ಚರ್ಮ ತುಂಬಿಸಿ ನಿಲ್ಲಿಸಿದ ಮಾದರಿ ಎಂದು ತಜ್ಞರು ಹೇಳಿದರು. ಛಾಯಾಗ್ರಾಹಕ ಅಲ್ಲಗಳೆದರೂ ಅನರ್ಹಗೊಳಿಸಿದರು. ಎರಡರಲ್ಲೂ ಸಿಕ್ಕಿಬಿದ್ದದ್ದು ಫೋಟೊಶಾಪ್ ಅಲ್ಲ, ಫೋಟೊದ ಹಿಂದಿನ ಕಥೆ. ಮೃಗಾಲಯದಲ್ಲಿ ತೆಗೆದರೆ ಮೃಗಾಲಯ ಎನ್ನಿ. ಯಾರೂ ಮುಖ ತಿರುಗಿಸುವುದಿಲ್ಲ.

6. ವಿಳಾಸ

ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ಹೆಜ್ಜೆ ಇದೇ. ಕಾಡಿನಲ್ಲಿ ಬಹಳ ಜೋಪಾನವಾಗಿ ನಡೆದುಕೊಂಡವರೂ ಮನೆಗೆ ಬಂದು ಲೊಕೇಶನ್ ಹಾಕಿ ಎಲ್ಲ ಕೆಡಿಸುತ್ತಾರೆ.

ನಕ್ಷತ್ರ ಆಮೆಯನ್ನು ಸಾಕಲೆಂದು ಕಳ್ಳಸಾಗಣೆ ಮಾಡುತ್ತಾರೆ. ಕಾಡುಪಾಪವನ್ನು ವಾಮಾಚಾರಕ್ಕೆಂದು ಹಿಡಿಯುತ್ತಾರೆ. ಇವುಗಳ ಜಾಗ ಹುಡುಕುವವರಿಗೆ ನಮ್ಮ ಪೋಸ್ಟ್ ಬಿಟ್ಟಿ ನಕ್ಷೆ. ಹಕ್ಕಿ ದಾಖಲಿಸುವ ಇಬರ್ಡ್ ತಾಣವೇ ಅಪಾಯದಲ್ಲಿರುವ ಹಕ್ಕಿಗಳ ನಿಖರ ಜಾಗವನ್ನು ಎಲ್ಲರಿಗೂ ತೋರಿಸದೆ ಮುಚ್ಚಿಡುತ್ತದೆ. ಎರೆಭೂತ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಆ ಪಟ್ಟಿಯಲ್ಲಿದೆ. ಬಳ್ಳಾರಿ ಜಿಲ್ಲೆಯ ಸಿರುಗುಪ್ಪ ಕಡೆ ಅವು ಬೆರಳೆಣಿಕೆಯಷ್ಟು ಉಳಿದಿವೆ. ತಾಲ್ಲೂಕಿನ ಹೆಸರು ಹೇಗೂ ಪೇಪರ್‌ಗಳಲ್ಲಿ ಬಂದಿದೆ. ಯಾವ ಹೊಲ, ಯಾವ ತಿಂಗಳು ಎನ್ನುವುದು ಮಾತ್ರ ನಮ್ಮ ಬಾಯಿಂದ ಬರಬಾರದು.

ಕೆಲಸಕ್ಕೆ ಬರುವ ಕೆಲವು ಮಾತು:

ಫೋನ್ ಕ್ಯಾಮೆರಾದ ಸೆಟ್ಟಿಂಗ್‌ನಲ್ಲಿ ಲೊಕೇಶನ್ ಆಫ್ ಮಾಡಿ. ವಾಟ್ಸಾಪ್‌ನಲ್ಲಿ ಫೋಟೊವನ್ನು ಫೋಟೊ ಆಗಿಯೇ ಕಳಿಸಿದರೆ ಲೊಕೇಶನ್ ಅಳಿದು ಹೋಗುತ್ತದೆ. ಆದರೆ ‘ಡಾಕ್ಯುಮೆಂಟ್’ ಆಗಿ ಕಳಿಸಿದರೆ ಅದೂ ಜೊತೆಗೇ ಹೋಗುತ್ತದೆ. ಸಂಪಾದಕರಿಗೆ ನಾವು ಕಳಿಸುವುದು ಹಾಗೆಯೇ ಅಲ್ವಾ? ಹಾಗಾಗಿ ಮೊದಲೇ ಅಳಿಸಿ. ಹಿನ್ನೆಲೆಯಲ್ಲಿ ಗುಡಿ, ಮೊಬೈಲ್ ಟವರ್, ಮೈಲಿಗಲ್ಲು ಕಾಣುತ್ತಿದೆಯಾ ನೋಡಿ. ತೋಳದ ಮರಿಗಳ ಚಿತ್ರ ಅವು ಬಿಲದಲ್ಲಿರುವಾಗಲೇ ಹಾಕಬೇಡಿ, ಕೆಲವು ತಿಂಗಳು ಬಿಟ್ಟು ಹಾಕಿ. ಚಿತ್ರ ಹಳಸುವುದಿಲ್ಲ.

ಜಾಗಗಳ ಬಗ್ಗೆ ಬರೆಯುವಾಗ ನಾನು ಒಂದು ಅಳತೆ ಇಟ್ಟುಕೊಂಡಿದ್ದೇನೆ. ಅಲ್ಲಿ ಟಿಕೆಟ್ ಇದೆಯಾ, ಗಾರ್ಡ್ ಇದ್ದಾರಾ, ಶೌಚಾಲಯ ಇದೆಯಾ, ಕಸ ಎತ್ತುವವರಿದ್ದಾರಾ? ಇದ್ದರೆ ದಾರಿ, ಸಮಯ, ಬಸ್ಸು ಎಲ್ಲ ಬರೆಯುತ್ತೇನೆ. ಇಲ್ಲದಿದ್ದರೆ ಜಿಲ್ಲೆಯ ಹೆಸರಿಗೇ ನಿಲ್ಲಿಸುತ್ತೇನೆ. ಓದುಗರು ಬೈಯುತ್ತಾರೆ, ‘ಒಬ್ನೇ ನೋಡ್ಬೇಕಾ’ ಅನ್ನುತ್ತಾರೆ. ಅನ್ನಲಿ.

ಅಪಾಯವನ್ನೂ ಸೌಂದರ್ಯದಷ್ಟೇ ಜಾಗ ಕೊಟ್ಟು ಬರೆಯಿರಿ. 2023ರ ಜುಲೈನಲ್ಲಿ ಕೊಲ್ಲೂರು ಹತ್ತಿರದ ಅರಸಿನಗುಂಡಿ ಜಲಪಾತದ ಅಂಚಿನಲ್ಲಿ ನಿಂತು ವಿಡಿಯೊ ಮಾಡಿಸಿಕೊಳ್ಳುತ್ತಿದ್ದ ಯುವಕ ಕಾಲು ಜಾರಿ ಬಿದ್ದು ತೀರಿಕೊಂಡ. ಮಳೆಗಾಲದ ಪಾಚಿ ಬಂಡೆ ಫೋಟೊದಲ್ಲಿ ಹಸಿರಾಗಿ ಕಾಣುತ್ತದೆ, ಜಾರುವುದು ಕಾಣುವುದಿಲ್ಲ. ಅದನ್ನು ಬರೆದು ತಿಳಿಸಬೇಕಾದವರು ನಾವೇ. ನಾವೇ ಆ ಅಂಚಿನಲ್ಲಿ ನಿಂತು ತೆಗೆಸಿಕೊಂಡ ಚಿತ್ರ ಮುಖಪುಟಕ್ಕೆ ಹಾಕಿ, ಒಳಗೆ ‘ಎಚ್ಚರ ವಹಿಸಿ’ ಎಂದರೆ ಯಾರು ಕೇಳುತ್ತಾರೆ? 2022ರಲ್ಲಿ ಚಿಕ್ಕಮಗಳೂರಿನ ಬೆಟ್ಟಗಳಲ್ಲಿ ಕುರಿಂಜಿ ಅರಳಿದಾಗಲೂ ಹಾಗೇ. ಹೂವಿನ ನಡುವೆ ಮಲಗಿದ ಒಂದು ಫೋಟೊ ಬಂದರೆ ಮಾರನೆಯ ದಿನ ಅದೇ ಜಾಗದಲ್ಲಿ ಇಪ್ಪತ್ತು ಜನ ಮಲಗುತ್ತಾರೆ.

ಒಬ್ಬ ಸಂಪಾದಕರು ಒಮ್ಮೆ ನಿಖರ ಜಾಗ ಕೊಡಲೇಬೇಕು ಎಂದು ಹಟ ಹಿಡಿದರು. ಕೊಡಲಿಲ್ಲ, ಲೇಖನ ಬರಲಿಲ್ಲ. ಈಗ ಲೇಖನದ ಜೊತೆಗೇ ಎರಡು ಸಾಲು ಬರೆದು ಕಳಿಸುತ್ತೇನೆ: ‘ಜಾಗದ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ದಯವಿಟ್ಟು ಸೇರಿಸಬೇಡಿ.’ ಹೆಚ್ಚಿನವರು ಒಪ್ಪುತ್ತಾರೆ.

7. ಬಿಟ್ಟಿ ರೂಮು, ದುಡ್ಡು

ರೆಸಾರ್ಟಿನವರು ಕರೆದು ಎರಡು ದಿನ ಇಟ್ಟುಕೊಂಡರೆ ಅದನ್ನು ಲೇಖನದಲ್ಲಿ ಹೇಳಿ. ಇದು ಸಂಕೋಚದ ವಿಷಯ ಅಲ್ಲ, ಕಾನೂನಿನ ವಿಷಯ. ಸೋಷಿಯಲ್ ಮೀಡಿಯಾದಲ್ಲಿ ಹೊಗಳುವವರು ಹಣ, ಉಡುಗೊರೆ, ಬಿಟ್ಟಿ ವಾಸ್ತವ್ಯ ಯಾವುದನ್ನು ಪಡೆದರೂ ಸ್ಪಷ್ಟವಾಗಿ ತಿಳಿಸಬೇಕು ಎಂದು ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಜನವರಿಯಲ್ಲೇ ಮಾರ್ಗಸೂಚಿ ಹೊರಡಿಸಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ದಾರಿ ತಪ್ಪಿಸುವ ಪ್ರಚಾರಕ್ಕೆ ಮೊದಲ ಸಲ 10 ಲಕ್ಷ ರೂಪಾಯಿವರೆಗೆ ದಂಡ ಹಾಕಬಹುದು. ‘ವಾಸ್ತವ್ಯ ರೆಸಾರ್ಟಿನದು, ಅಭಿಪ್ರಾಯ ನನ್ನದು’ ಎಂದು ಮೇಲೆಯೇ ಒಂದು ಸಾಲು ಹಾಕಿದರೆ ಸಾಕು. ಕೊನೆಯಲ್ಲಿ ಹ್ಯಾಷ್‌ಟ್ಯಾಗ್ ರಾಶಿಯೊಳಗೆ ಹೂತು ಹಾಕಬೇಡಿ. ಆ ರೆಸಾರ್ಟ್ ರಾತ್ರಿ ಕಾಡಿನ ಕಡೆ ಫ್ಲಡ್‌ಲೈಟ್ ಬಿಡುತ್ತಿದ್ದರೆ ಅದನ್ನೂ ಬರೆಯಿರಿ. ಮುಂದಿನ ಸಲ ಕರೆಯದಿದ್ದರೆ ಹೋಗಲಿ.

ಬೇರೆಯವರ ಫೋಟೊವನ್ನು ಕೇಳದೆ ಬಳಸಬೇಡಿ, ‘ಕೃಪೆ: ಇಂಟರ್ನೆಟ್’ ಎನ್ನುವುದು ಅನುಮತಿಯಲ್ಲ. ಇದಕ್ಕಿಂತ ಹೆಚ್ಚು ಹೇಳುವ ಅಗತ್ಯ ಇಲ್ಲ.

8. ಹಳೆಯ ತಪ್ಪು

ಈಗ ನಿಮ್ಮ ಹಳೆಯ ಪೋಸ್ಟ್‌ಗಳನ್ನು ಒಂದು ಭಾನುವಾರ ಕೂತು ತಿರುವಿ. ಗೂಡಿನ ಚಿತ್ರ ಇದ್ದರೆ ತೆಗೆಯಿರಿ. ಲೊಕೇಶನ್ ಇದ್ದರೆ ಅಳಿಸಿ. ಹಕ್ಕಿಯ ಹೆಸರು ತಪ್ಪಾಗಿದ್ದರೆ ಸುಮ್ನೆ ಬದಲಿಸದೆ, ತಿದ್ದಿದ್ದೇನೆ ಎಂದು ಬರೆದು ತಿದ್ದಿ. ನಾನು ಕೂತಾಗ ಹನ್ನೊಂದು ಪೋಸ್ಟ್ ತೆಗೆದೆ. ಪಿಕಳಾರದ್ದೂ ಅದರಲ್ಲಿತ್ತು. ಯಾರೋ ಕೆಳಗೆ ‘ಸೂಪರ್ ಕ್ಲಾರಿಟಿ ಸರ್, ಯಾವ ಜಾಗ?’ ಎಂದು ಕೇಳಿದ್ದರು. ನಾನು ಊರು, ತೋಟ, ಬೇಲಿಯ ಮೂಲೆ ಎಲ್ಲ ವಿವರವಾಗಿ ಹೇಳಿದ್ದೆ.